ಹಾಸಿಗೆಗೆ ಬರುವ ಬೇಟೆ

ಅಫಜಲಪುರ
೩-೭-೮೪, ಮಂಗಳವಾರ

ಇವತ್ತು ದಿಂಬಿನ ಪಕ್ಕ ಹಲ್ಲಿಯ ಬಾಲ. ಬರೀ ಬಾಲ — ಹಲ್ಲಿ ತಪ್ಪಿಸಿಕೊಂಡಿರಬೇಕು. ಬೆಕ್ಕು ಮಾತ್ರ ಹುಲಿ ಹೊಡೆದು ತಂದ ಗತ್ತಿನಲ್ಲಿ ಕೂತಿತ್ತು. ಹಳೇ ಪೇಪರಿನಲ್ಲಿ ಎತ್ತಿ ತಿಪ್ಪೆಗೆ ಎಸೆದೆ. ಕೈ ತೊಳೆದೆ. ಸ್ಕೂಲಿಗೆ ಹೋದೆ. ಮೂರನೇ ಕ್ಲಾಸಿಗೆ ಮಗ್ಗಿ.

ಅತ್ತೆಗೆ ಸಿಟ್ಟು. "ಲಿಂಗವಂತರ ಮನ್ಯಾಗ ಹಾಲು-ರೊಟ್ಟಿ ತಿಂದು ಬೆಳದದ. ಇದೆಂಥಾ ಬುದ್ಧಿ ಬೇ ಇದಕ?"

ಬೆಕ್ಕಿಗೆ ಯಾರೂ ದೀಕ್ಷೆ ಕೊಟ್ಟಿಲ್ಲವಲ್ಲ. ಮೊದಲಾಗಿದ್ದರೆ ಹೀಗೇ ಅಂದುಬಿಡುತ್ತಿದ್ದೆ, ನಮ್ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. ಈಗ ಯಾರಿಗೆ ಅನ್ನುವುದು. ಯುಗಾದಿಯ ಮುಂಚೆ ಖಜೂರಿ ರಸ್ತೆಯಲ್ಲಿ ಟ್ರಕ್ಕು ಬಡಿದು ಹೋದರು. ಆವತ್ತೂ ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

೯-೭-೮೪

ಬೆಕ್ಕು ಅಂಗಳದಲ್ಲಿ ಗುಬ್ಬಿಗೆ ಹೊಂಚು ಹಾಕಿತ್ತು. ಹೊಟ್ಟೆ ನೆಲಕ್ಕೆ ಹಚ್ಚಿ, ಕುಂಡೆ ಅಲ್ಲಾಡಿಸಿ ಅಲ್ಲಾಡಿಸಿ ಹಾರುವಷ್ಟರಲ್ಲಿ ಗುಬ್ಬಿ ಹೋಗಿ ಎಷ್ಟೋ ಹೊತ್ತಾಗಿತ್ತು. ಖಾಲಿ ಕೊಡದ ಮೇಲೆ ಬಿತ್ತು. ಎದ್ದು, ಏನೂ ಆಗೇ ಇಲ್ಲವೆಂಬಂತೆ ಕಾಲು ನೆಕ್ಕತೊಡಗಿತು. ಪಕ್ಕದ ಮನೆಯ ನಜಮುನ್ನಿಸಾ ಗೋಡೆಯಾಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ಬಾಯಿ ಅಗಲಿಸಿದೆ. ನಗು ಬರಲಿಲ್ಲ.

"ಟೀಚರಬಾಯಿ, ಅದು ನಿಮಗೇ ಯಾಕ ತಂದು ಹಾಕ್ತದ ಗೊತ್ತದೇನ್ರಿ? ಉಣ್ಣಲಾರದ ಮರಿಗಿ ತಾಯಿ ಬೆಕ್ಕು ಹಿಂಗೇ ಮಾಡ್ತದ. ಅದರ ಲೆಕ್ಕದಾಗ ನೀವು ಮರಿ."

ನಾನು ಉಣ್ಣುತ್ತೇನಲ್ಲ ಎಂದೆ. ಸುಳ್ಳು. ಸ್ಕೂಲಿನಲ್ಲಿ ಉಂಡೆ ಎಂದು ಮನೆಯಲ್ಲಿ ಹೇಳುತ್ತೇನೆ, ಮನೆಯಲ್ಲಿ ಉಂಡು ಬಂದೆ ಎಂದು ಸ್ಕೂಲಿನಲ್ಲಿ. ಒಂದು ಚಾ, ಒಂದೆರಡು ತುತ್ತು. ಕುಪ್ಪಸ ಎಲ್ಲ ಸಡಿಲ.

೨೨-೭-೮೪

ಮಿಡತೆ. ನಿನ್ನೆ ದೀಪದ ಬತ್ತಿ — ಹತ್ತಿಯದನ್ನೂ ಕೊಂದೇ ತಂದಿತ್ತು. ಈಗ ಏನು ತಂದಿದೆ ಎಂದು ನೋಡುವುದೂ ಇಲ್ಲ. ಪೇಪರು, ತಿಪ್ಪೆ, ಕೈ ತೊಳೆಯುವುದು.

೬-೮-೮೪, ಶ್ರಾವಣ ಸೋಮವಾರ

ಮಾವನವರ ಇಷ್ಟಲಿಂಗ ಕಳೆದಿದೆ.

ಶಿವದಾರ ಸವೆದಿತ್ತು. ಹೊಸದು ಪೋಣಿಸಬೇಕೆಂದು ಕೊರಳಿನಿಂದ ತೆಗೆದು, ವಸ್ತ್ರದ ಗಂಟಿನ ಸಮೇತ ಮಣೆಯ ಮೇಲಿಟ್ಟರು. ದಾರದ ಉಂಡೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇಲ್ಲ. ಮನೆಯೆಲ್ಲ ಜಾಲಾಡಿದೆವು. ಲಿಂಗವಿಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಊಟವಿಲ್ಲ. ಮಾವ ನೀರೂ ಬೇಡವೆಂದರು. ಅತ್ತೆ ಅಳುತ್ತಿದ್ದಾರೆ. ನಾನು ಕಸ ಗುಡಿಸಿದೆ.

೭-೮-೮೪

ಮಠದ ಅಯ್ಯನವರು ಬಂದಿದ್ದರು. ಬೇರೆ ಲಿಂಗ ಕಟ್ಟುತ್ತೇನೆಂದರು. "ಒಲ್ಲೆರಿ ಅಪ್ಪಾರ. ತೊಟ್ಟಿಲದಾಗ ಕಟ್ಟಿದ್ದದು. ಅದು ಸಿಕ್ಕರ ಉಣ್ತೇನಿ, ಇಲ್ಲಾಂದ್ರ ಅದರ ಹಿಂದ ನಾನೂ ಹೋಗ್ತೇನಿ." ಬಿಪಿ ಗುಳಿಗೆಯನ್ನೂ ನುಂಗಲಿಲ್ಲ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಓಣಿಯೆಲ್ಲ ಬಂದು ಕೂತಿದೆ. ಉಣ್ರಿ ಗೌಡರ, ಒಂದು ಗುಟುಕು ನೀರು ಕುಡೀರಿ... ಮಾವನ ತುಟಿ ಒಡೆದಿದೆ. ನನಗೆ ಭಯವಾಗಬೇಕು. ಆಗುತ್ತಿಲ್ಲ.

೮-೮-೮೪, ಬೆಳಿಗ್ಗೆ

ಮಾವ ಎದ್ದು ಕೂರಲಾರರು. ಮಾತು ತೊದಲುತ್ತಿದೆ.

ಬಾಯಿ ತುಂಬಿಕೊಂಡು ಕೂಗುವ ಅದೇ ದನಿಯಲ್ಲಿ ಬೆಕ್ಕು ಬಂತು. ಹಾಸಿಗೆಯ ಮೇಲೆ ಏನೋ ಇಟ್ಟಿತು. ಪೇಪರಿನಲ್ಲಿ ಎತ್ತಿದೆ. ಹಗುರ. ಮಿಡತೆ.

ಸೋಮವಾರ, ಹುಡುಕಾಟಕ್ಕೂ ಮೊದಲು ಎತ್ತಿ ಎಸೆದದ್ದು ಭಾರವಿತ್ತು. ಬಾಲ ಜೋತಾಡುತ್ತಿತ್ತು. ಇಲಿ ಎಂದುಕೊಂಡಿದ್ದೆ... ಎಂದುಕೊಂಡೂ ಇರಲಿಲ್ಲ. ನೋಡೇ ಇರಲಿಲ್ಲ. ಬಾಲವಲ್ಲ. ಶಿವದಾರ.

ಬರಿಗಾಲಲ್ಲಿ ತಿಪ್ಪೆಗೆ ಓಡಿದೆ. ಎರಡೂ ಕೈಯಿಂದ ಕೆದರಿದೆ. ನಜಮುನ್ನಿಸಾ ಓಡಿ ಬಂದಳು, ಕೇಳದೆಯೇ ತಾನೂ ಕೆದರಿದಳು. ಬೂದಿಯ ಕೆಳಗೆ ಪೇಪರಿನ ಪೊಟ್ಟಣ ಕಂಡಿತು. ಅವಳು ಕೈ ಹಿಂದೆಗೆದಳು. "ನೀವೇ ತಗೋರಿ ಬಾಯಿ."

ಸಂಜೆ

ಏನಾದರೂ ಕಥೆ ಕಟ್ಟಬಹುದಿತ್ತು. ಹೊದಿಕೆಯ ಮಡಿಕೆಯಲ್ಲಿತ್ತು ಅನ್ನಬಹುದಿತ್ತು. ಆಗಲಿಲ್ಲ. ಇದ್ದದ್ದನ್ನೇ ಹೇಳಿದೆ. ಅತ್ತೆ ಹಣೆ ಬಡಿದುಕೊಂಡರು. "ಶಿವಶಿವಾ, ತಿಪ್ಪ್ಯಾಗ ಒಗದಿಯಲ್ಲಬೇ! ಕಣ್ಣು ಎಲ್ಲಿದ್ದುವು ನಿನ್ನವು?" ಲಿಂಗ ತೊಳೆದು ಮಾವನ ಅಂಗೈಯಲ್ಲಿಟ್ಟರು. ಮಾವ ಗೋಡೆಗೆ ಒರಗಿಯೇ ಪೂಜೆ ಮಾಡಿದರು. ನೀರು ಕುಡಿದರು. ತಟ್ಟೆ ಬಂತು. ಓಣಿಯೆಲ್ಲ ಉಸಿರು ಬಿಟ್ಟು ಮನೆಗೆ ಹೋಯಿತು.

ಮಾವ ರೊಟ್ಟಿ ಮುರಿಯಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಕಸ್ತೂರಿ, ಬೆಕ್ಕು ನಿನಗ್ಯಾಕ ತಂದು ಕೊಡ್ತದ?"

"ಉಣ್ಣಲಾರದವರಿಗಿ ತರ್ತದಂತರಿ ಮಾವ."

ಬಾಯಿ ತಪ್ಪಿ ಬಂದ ಮಾತು. ಅತ್ತೆ ಕೈಯಲ್ಲಿನ ಸವಟು ಹಾಗೇ ನಿಂತಿತು. ಮಾವ ನನ್ನ ಕೈ ನೋಡಿದರು, ಬಳೆಯಿಲ್ಲದ, ಸಣಕಲಾದ ಮಣಿಕಟ್ಟನ್ನು.

"ನಾ ಎರಡು ದಿನ ಬಿಟ್ಟೆ, ಊರೇ ಬಂದು ಕುಂತಿತು. ನಿನ್ನ ಯಾರೂ ಕೇಳಲಿಲ್ಲಲ್ಲ ನಮ್ಮವ್ವ. ನಾನೂ ಕೇಳಲಿಲ್ಲ."

ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನೀ ಉಂಡ ಮ್ಯಾಲ ನಾನು."

ತುತ್ತು ಬಾಯಲ್ಲಿಟ್ಟೆ. ಪುಂಡಿಪಲ್ಯ, ಹುಳಿ. ಹುಳಿ ಗೊತ್ತಾಯಿತು. ನಮ್ಮನೆಯವರ ಮುಖ ಕಣ್ಣೆದುರು ಬಂತು, ಅಳು ಬಂತು. ತುತ್ತಿನ ಜೊತೆಗೇ ಬಂತು. ಅತ್ತೆ ಬೆನ್ನ ಮೇಲೆ ಕೈಯಿಟ್ಟರು, ಅವರೂ ಅಳುತ್ತಿದ್ದರು. ಮಾವ ಮಾತ್ರ ಕೈ ಕಟ್ಟಿಕೊಂಡು ಕಾದರು, ಹಸಿದ ಹೊಟ್ಟೆಯಲ್ಲಿ, ನಾನು ನುಂಗುವ ತನಕ.

ಈಗಲೂ ಅಳು ನಿಂತಿಲ್ಲ, ಅಕ್ಷರ ಕಾಣುತ್ತಿಲ್ಲ. ಒಳಗಿನಿಂದ ಅತ್ತೆ ಕರೆಯುತ್ತಿದ್ದಾರೆ, ಇನ್ನೊಂದು ರೊಟ್ಟಿ ಬಡಿದಿದ್ದಾರಂತೆ, ಬಿಸಿ ಇದೆಯಂತೆ, ಹೋಗಿ ಉಣ್ಣಬೇಕು.