ಸತ್ತ ಬೆಕ್ಕಿನ ನೆಗೆತ

ಕಾರನ್ ಬೇ, ಟಾಸ್ಮೇನಿಯಾ
ಆಗಸ್ಟ್ ೧೪, ೧೯೯೧

ಮುದ್ದಿನ ತಂಗಿ ಏವಿಸ್,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಮಾತ್ರ ಕುದಿಯುತ್ತಿದ್ದೀಯ ಎಂದು ನಿನ್ನ ಪತ್ರ ನೋಡಿದರೆ ಗೊತ್ತಾಗುತ್ತದೆ. 'ಊರಿನ ಮುಖಕ್ಕೆ ಸತ್ತ ಬೆಕ್ಕು ಎಸೆದ ಸರ್ಕಾರಿ ಅರ್ಥಶಾಸ್ತ್ರಜ್ಞೆ' ಎಂದು ಜೂನ್‌ನಲ್ಲಿ ಪತ್ರಿಕೆ ಬರೆದದ್ದೇ ತಡ, ಹೆತ್ತ ಮಗಳ ಜೊತೆ ಮಾತು ಬಿಟ್ಟೆಯಲ್ಲ! ಆ ಪತ್ರಿಕೆಯವನು ಬಂದದ್ದೇ ಸಭೆ ಅರ್ಧ ಮುಗಿದ ಮೇಲೆ. ಬಂದವನು ಮೊದಲು ಕೈ ಹಾಕಿದ್ದು ನನ್ನ ಲ್ಯಾಮಿಂಗ್ಟನ್ ಕೇಕಿನ ತಟ್ಟೆಗೆ. ನಡೆದದ್ದನ್ನು ನಾನು ಹೇಳುತ್ತೇನೆ, ಕೇಳು.

ನಮ್ಮ ಸತುವಿನ ಕಾರ್ಖಾನೆ ಎಷ್ಟೋ ದಿನದಿಂದ ಕುಂಟುತ್ತಿತ್ತು. ಮೇ ಕೊನೆಗೆ, ಇಲ್ಲಿ ಚಳಿಗಾಲ ಶುರುವಾಗುವಾಗ, ಸತುವಿನ ಬೆಲೆ ಒಂಚೂರು ಏರಿದ್ದೇ ಊರಿಗೆ ಊರೇ ಕುಣಿಯಿತು. ನಮ್ಮ ಯಜಮಾನರು ಕ್ಲಾರಿ ಇನ್ನೊಂದು ಲಾರಿ ಕೊಳ್ಳಲು ಮನೆಯನ್ನೇ ಅಡ ಇಡಲು ಹೊರಟರು. ನಾನು ಬೇಡವೆಂದರೆ ಕೇಳುವವರು ಯಾರು? ಅಷ್ಟರಲ್ಲಿ ಕಾರ್ಖಾನೆಯ ಮುಂದಿನ ಗತಿ ಏನೆಂದು ಜನರಿಗೆ ತಿಳಿಸಲು ಕ್ಯಾನ್‌ಬೆರಾದಿಂದ ನಿನ್ನ ಮಗಳು ನೆರೀಡಾಳನ್ನೇ ಕಳಿಸಿದರು. ಲಾರಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ, ನನ್ನಾಣೆ.

ಊರಿನ ಸಭೆಯಲ್ಲಿ ಮೊದಲು ತನ್ನ ಕಚೇರಿ ಬರೆದುಕೊಟ್ಟಿದ್ದನ್ನು ಓದಿದಳು. 'ಹಸಿರು ಚಿಗುರು ಕಾಣುತ್ತಿದೆ' ಎಂದಿತ್ತು ಅದರಲ್ಲಿ. ಜನ ಚಪ್ಪಾಳೆ ತಟ್ಟಿದರು, ಕ್ಲಾರಿ ನನ್ನತ್ತ ಹುಬ್ಬು ಹಾರಿಸಿದರು. ಆಮೇಲೆ ಸುಮ್ಮನಿರಲಾರದೆ ಎದ್ದು ನಿಂತು, "ಅಲ್ಲಮ್ಮಾ ನೆರೀಡಾ, ಇದು ನಮಗೆ ಓದಿ ಹೇಳೋ ಮಾತಾಯ್ತು. ನೀವು ನೀವೇ ಕೂತು ಟೀ ಕುಡಿಯೋವಾಗ ಇದಕ್ಕೆ ಏನಂತೀರಾ?" ಎಂದು ಕೇಳಿಬಿಟ್ಟರು.

ಆ ಕಚೇರಿಯವರು ಪ್ರತಿಯೊಂದಕ್ಕೂ ಒಂದು ಅಡ್ಡಹೆಸರು ಇಟ್ಟಿರುತ್ತಾರೆ, ಆದರೆ ಅದು ಬಾಗಿಲು ದಾಟಿ ಹೊರಗೆ ಬರಕೂಡದು. ಪಕ್ಕದಲ್ಲಿದ್ದ ಅವಳ ಮೇಲಧಿಕಾರಿ ಬೇಡವೆಂದು ತಲೆ ಆಡಿಸಿದ. ಅವಳು ಕಾಗದ ಮಡಿಸಿಟ್ಟಳು.

"ಸತ್ತ ಬೆಕ್ಕಿನ ನೆಗೆತ ಅಂತೀವಿ, ದೊಡ್ಡಪ್ಪ. ಮಹಡಿಯಿಂದ ಬಿದ್ರೆ ಸತ್ತ ಬೆಕ್ಕೂ ಒಂದ್ಸಲ ಪುಟಿಯತ್ತೆ. ಅಷ್ಟಕ್ಕೇ ಬದುಕಿದೆ ಅನ್ನೋಕಾಗತ್ತಾ?"

ಮಾಂಸದಂಗಡಿಯ ಆಸಿ ಹಿಂದಿನಿಂದ, "ಹಂಗಾದ್ರೆ ನಮ್ ಬೆಕ್ಕು?" ಎಂದ.

"ಸತ್ತಿದೆ. ಬೆಲೆ ಮತ್ತೆ ಬೀಳತ್ತೆ. ಇದನ್ನ ನಂಬ್ಕೊಂಡು ಯಾರೂ ಸಾಲ ಮಾಡ್ಬೇಡಿ."

ಅಬ್ಬಾ, ಆಗ ಎದ್ದ ಗಲಾಟೆ! ಎಲ್ಲರಿಗಿಂತ ಜೋರು ನಮ್ಮ ಯಜಮಾನರೇ. "ನಮ್ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ಯಾ?" ಎಂದು ಕೂಗಿದರು. ಅವಳು ಅಳಲಿಲ್ಲ, ಸಿಡುಕಲಿಲ್ಲ. ಬೈದವರಿಗೂ ಉತ್ತರ ಕೊಟ್ಟಳು, ಕೊನೆಯ ಪ್ರಶ್ನೆಯವರೆಗೂ ನಿಂತಳು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ ಏವಿಸ್? ನಮ್ಮ ಮನೆತನದಲ್ಲಿ ಅಷ್ಟು ಗಟ್ಟಿ ಜೀವ ನಾನು ಇನ್ನೊಂದು ಕಂಡಿಲ್ಲ.

ಸಿಟ್ಟಿನಲ್ಲೇ ಇದ್ದರೂ ಕ್ಲಾರಿ ಬ್ಯಾಂಕಿಗೆ ಹೋಗಲಿಲ್ಲ. ಜುಲೈನಲ್ಲಿ ಬೆಲೆ ಕುಸಿಯಿತು. ಕಳೆದ ವಾರ ಕಾರ್ಖಾನೆ ಮುಚ್ಚುತ್ತೇವೆಂದು ಹೇಳಿದರು. ಲಾರಿಯ ಬಾಡಿಗೆ ಓಡಾಟ ನಿಂತಿದೆ, ಮನೆಯಂತೂ ಉಳಿದಿದೆ. ಈಗ ನೋಡಬೇಕು ಈ ಮನುಷ್ಯನನ್ನು: ಪಬ್ಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ಅವ್ಳು ನಮ್ಮ ಹುಡುಗಿ ಕಣ್ರೋ" ಎನ್ನುತ್ತಾರೆ.

ನಿನ್ನ ಅಕ್ಕ,
ಮರ್ಲ್

ಮರೆತ ಮಾತು: ಮರೆತದ್ದೇನಲ್ಲ, ನೆರೀಡಾ ಹೇಳಬೇಡ ಎಂದಿದ್ದಳು. ಸಭೆಯಾದ ಮರುವಾರವೇ ಅವಳ ಕೆಲಸ ಹೋಯಿತು. ಅಂದಿನಿಂದ ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಕೆಲಸ ಹೋದದ್ದಕ್ಕೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ನಿನ್ನ ಹೆಸರು ಎತ್ತಿದರೆ ಮಾತ್ರ ಊಟದ ನಡುವೆ ಎದ್ದು ಹೋಗುತ್ತಾಳೆ. ಶನಿವಾರದ ಬಸ್ಸಿಗೆ ಬಾ.