ಗೀರು ಬಿದ್ದರೂ ಕಟ್ಟುತ್ತೇನೆ

ಅತ್ತೆಯವರೇ,

ನಿಮ್ಮ ಮಗನ ಮಣ್ಣಿಗೆ ಬಂದವರೆಲ್ಲ, ಮೈದುನನೂ ಸೇರಿ, ನಿನ್ನೆ ಊರಿಗೆ ಹೋದರು. ಇವತ್ತು ಮನೆಯಲ್ಲಿ ನಾವಿಬ್ಬರೇ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಇಳಕಲ್ಲಿಗೆ, ಕಾಲೇಜಿಗೆ ಹೊರಟಿದ್ದೇನೆ.

ಹಾಲು ಕಾಸಿಟ್ಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಗುಳಿಗೆ ನುಂಗುವ ಮೊದಲು ಒಂದಾದರೂ ತಿನ್ನಿರಿ.

ಕಪಾಟಿನಲ್ಲಿ ಸೀರೆಯ ಮಡಿಕೆಯೊಳಗೆ ನೀವು ಇಟ್ಟ ವಾಚನ್ನು ಹುಡುಕಬೇಡಿರಿ. ಅದು ನನ್ನ ಕೈಯಲ್ಲಿದೆ. "ಸಣ್ಣಾವನ ಲಗ್ನಕ್ಕ ಇರ್ಲಿ ಬಿಡವಾ, ನೀ ದಿನಾ ಕಟಗೊಂಡ್ರ ಗೀರು ಬೀಳ್ತಾವ" ಅಂದಿರಿ. ಬೀಳಲಿ. ನಮ್ಮ ಮದುವೆಯಲ್ಲಿ ನನ್ನ ಅಪ್ಪ ನಿಮ್ಮ ಮಗನ ಕೈಗೆ ಕಟ್ಟಿದ ವಾಚು ಅದು. ಅವರೂ ನಿಮ್ಮ ಹಾಗೆಯೇ ಹೆದರಿ ಯಾರದಾದರೂ ಲಗ್ನಕ್ಕೆ ಮಾತ್ರ ಹೊರಗೆ ತೆಗೆದರು, ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡೇ ಉಂಡರು. ಇವತ್ತಿಗೂ ಗಾಜಿನ ಮೇಲೆ ಒಂದು ಗೀರಿಲ್ಲ. ಅದನ್ನೇ ನನಗೆ ನೋಡಲಾಗುವುದಿಲ್ಲ.

ಬಳೆ ತೆಗೆಸಿದಾಗ ಸುಮ್ಮನೆ ಕೈ ಕೊಟ್ಟೆ. ಈ ವಿಷಯದಲ್ಲಿ ಸುಮ್ಮನಿರುವುದಿಲ್ಲ. ಬಸ್ಸಿನ ಕಂಬಿ ಹಿಡಿಯುವಾಗಲೂ, ಪಾತ್ರೆ ತಿಕ್ಕುವಾಗಲೂ ಕೈಯಲ್ಲಿರುತ್ತದೆ. ಬಯ್ಯುವುದಿದ್ದರೆ ಸಂಜೆ ಬಯ್ಯಿರಿ, ಕೇಳುತ್ತೇನೆ. ಬಿಚ್ಚುವುದಿಲ್ಲ.

ಬರುವುದು ತುಸು ತಡವಾಗುತ್ತದೆ. ಈ ವಾಚಿಗೆ ಗೀರು ಬೀಳಬಾರದೆಂದು ಅವರು ಗೆಳೆಯ ಅಕೀಲಣ್ಣನ ಹಳೆಯ ವಾಚು ಕೇಳಿ ತಂದು ದಿನಾ ಅದನ್ನೇ ಕಟ್ಟುತ್ತಿದ್ದರಲ್ಲ. ದವಾಖಾನೆಯಲ್ಲಿ ಅವರ ಕೈಯಿಂದ ಬಿಚ್ಚಿ ನನಗೆ ಕೊಟ್ಟದ್ದು ಅದೇ ವಾಚು. ಅಕೀಲಣ್ಣ ಅದನ್ನು ತಿರುಗಿ ಕೇಳಿಲ್ಲ, ಕೇಳುವುದೂ ಇಲ್ಲ. ಪಟ್ಟಿ ತೊಳೆದು ಒಣಗಿಸಿದ್ದೇನೆ. ಅವನ ಅಂಗಡಿಗೆ ಹೋಗಿ ಕೊಟ್ಟು ಬರುತ್ತೇನೆ.

ನೇತ್ರಾ