ಆರಬಾರದ ಕುಲುಮೆ

ನಿನ್ನ ತಂದೆಯ ಮನೆ,
ಮಾರ್ಚ್ ಹನ್ನೆರಡು, ಅಪರಾಹ್ನ

ಪ್ರೀತಿಯ ಗುಬ್ಬಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕೆಮ್ಮು ಇಳಿಯಿತೇ? ಔಷಧಕ್ಕಿಂತ ನಿದ್ರೆಯೇ ಮೇಲೆಂದರೆ ನೀನು ನಗುವೆ. ಆದರೂ ಹೇಳದೆ ಇರಲಾರೆ. ನನ್ನ ಕಣ್ಣಿನ ಪೊರೆ ಹಾಗೆಯೇ ಇದೆ. ಪ್ರಾರ್ಥನೆಗೆ ಕಣ್ಣು ಬೇಕಿಲ್ಲವಾದ್ದರಿಂದ ಆ ಕುರಿತು ದೂರಿಲ್ಲ. ನಿನ್ನ ತಂದೆಯ ದೇಹಸ್ಥಿತಿ ಚೆನ್ನಾಗಿದೆ. ದೇಹದ ಮಾತನ್ನಷ್ಟೇ ಆಡಿದೆನೆಂಬುದು ನಿನ್ನ ಗಮನಕ್ಕೆ ಬಂದಿರಬಹುದು.

ಸೋಮವಾರ ಅವನ ನಿವೃತ್ತಿಯ ಬೀಳ್ಕೊಡುಗೆ ನಡೆಯಿತು. ಪ್ರಯೋಗಶಾಲೆಯ ಆ ಕುಲುಮೆಯನ್ನು ನೀನು ಬಲ್ಲೆ. ಚಿಕ್ಕವಳಿದ್ದಾಗ ಅದನ್ನು "ಅಪ್ಪನ ಇನ್ನೊಬ್ಬ ಮಗಳು" ಎಂದು ಹೊಟ್ಟೆಕಿಚ್ಚಿನಿಂದ ಕರೆಯುತ್ತಿದ್ದವಳೇ ನೀನು. ಅದರೊಳಗಣ ಸ್ಫಟಿಕದ ಕೊಳವೆಯು ವರ್ಷಗಟ್ಟಲೆ ಕಾದ ಬಳಿಕ ತಣಿದರೆ ಬಿರುಕುಬಿಡುವುದಾದ ಕಾರಣ, ಕೆಲಸವಿಲ್ಲದ ದಿನವೂ ಅವನು ಅದನ್ನು ಆರಗೊಡಲಿಲ್ಲ. ರಜೆಯೆನ್ನದೆ, ಜ್ವರವೆನ್ನದೆ, ನಿನ್ನ ತಾಯಿ ತೀರಿಕೊಂಡ ದಿನವೂ ಒಮ್ಮೆ ಹೋಗಿ ನೋಡಿಬಂದನು. ಭಕ್ತನೆನಿಸಿಕೊಂಡ ನಾನು ದೇವರ ಮುಂದಿನ ದೀಪವನ್ನೂ ಅಷ್ಟು ನಿಷ್ಠೆಯಿಂದ ನೋಡಿಕೊಂಡವನಲ್ಲ.

ಕುದಿಯುವ ಯಂತ್ರದ ಒಡಲಲ್ಲಿಯೂ ವಿದ್ಯುತ್ತನ್ನು ಸೋರಗೊಡದ ಅರೆವಾಹಕ ಸ್ವಿಚ್ಚೊಂದನ್ನು ರಚಿಸಬೇಕೆಂಬುದು ಅವನ ಆಯುಷ್ಯದ ಸಂಕಲ್ಪವಾಗಿತ್ತು. ಮಾಡಿದ್ದೆಲ್ಲವೂ ಸೋರಿತು. ಶಿಷ್ಯರು ಒಬ್ಬೊಬ್ಬರಾಗಿ ಕಾರ್ಖಾನೆಗಳಿಗೆ ಹೊರಟುಹೋದರು. ಉಳಿದವರು ಬೆನ್ನ ಹಿಂದೆ "ಸೋರೋ ಮೇಷ್ಟ್ರು" ಎಂದು ನಕ್ಕರು. ಕಳೆದ ತಿಂಗಳು ಮಾತ್ರ, ಆ ಕುಲುಮೆಯಲ್ಲಿ ಕಾಯಿಸಿ ಸ್ವಿಚ್ಚು ಮೂಡಿಸಿದ ಒಂದು ಸಿಲಿಕಾನ್ ಬಿಲ್ಲೆ ಸೋರಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಅದು ಸುಟ್ಟುಹೋದದ್ದರಿಂದ, ಅದೇ ಕ್ರಮದಲ್ಲಿ ಮತ್ತಷ್ಟು ಬಿಲ್ಲೆಗಳನ್ನು ಮಾಡಿ ಕಳುಹಿಸುವೆನೆಂದೂ ನಿನ್ನ ಸಂಸ್ಥೆಯಲ್ಲಿ ನೀನೇ ಅಳೆಯಬೇಕೆಂದೂ ಅವನು ಬರೆದಿದ್ದನಷ್ಟೆ. ಅವಕ್ಕಾಗಿ ನೀನು ದಾರಿ ನೋಡುತ್ತಿರುವೆ.

ಆ ಬಿಲ್ಲೆಗಳು ಕುಲುಮೆಯಲ್ಲಿದ್ದಾಗಲೇ ಬೀಳ್ಕೊಡುಗೆಯ ಸಭೆ ಸೇರಿತು. ವಿಭಾಗದ ಮುಖ್ಯಸ್ಥರು ದುಷ್ಟರಲ್ಲ; ಕಂಪ್ಯೂಟರಿನ ಕಡೆಯವರಾದ ಅವರು ಕುಲುಮೆಯ ಬಳಿ ಸುಳಿದವರಲ್ಲ, ಅಷ್ಟೇ. ಗೌರವಿಸುವ ಹುರುಪಿನಲ್ಲಿ, "ಸಾರ್, ಹೊತ್ತಿಸಿದೋರು ನೀವು, ನೀವೇ ಆರಿಸಿಬಿಡಿ. ಒಂದು ಫೋಟೋ ಆಗ್ಲಿ" ಎಂದರು. ಸಭೆಯೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿತು. "ನಾಳೆ" ಎಂಬ ಮಾತು ಅವನ ತುಟಿಯವರೆಗೆ ಬಂದದ್ದನ್ನು ನಾನು ಕಂಡೆ. ಹತ್ತು ಜನರೆದುರು ಇಲ್ಲವೆನ್ನಲು ಹುಟ್ಟಿನಿಂದಲೂ ಅರಿಯದ ನಿನ್ನ ತಂದೆ, ನಕ್ಕು, ಕುಲುಮೆಯ ಸ್ವಿಚ್ಚನ್ನು ಒತ್ತಿದನು. ಕೊಠಡಿಯು ಬೇರೆಯವರ ಪಾಲಾಗಿದ್ದುದರಿಂದ ಆಳುಗಳು ಒಡನೆಯೇ ತಂತಿಯನ್ನೂ ಬಿಚ್ಚಿದರು.

ಎಲ್ಲರೂ ತಿಂಡಿಗೆ ಹೋದರು. ನಾವಿಬ್ಬರೇ ಅದರೆದುರು ಕುಳಿತೆವು. ಕೆಂಪು ಕಂದಿತು, ಕಂದು ಕಪ್ಪಾಯಿತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ನೆಟಿಕೆ ಮುರಿದಂತಹ ಒಂದು ಸದ್ದು.

"ಅಣ್ಣಾ, ಕೇಳಿಸ್ತಾ? ಹೋಯ್ತು."

ಯಾರ ಸಾವಿನ ಮನೆಯಲ್ಲಿಯೂ ಸಾಂತ್ವನದ ಶ್ಲೋಕಕ್ಕೆ ತಡಕಾಡದ ನನಗೆ ಅಂದು ಒಂದು ಪಾದವೂ ನೆನಪಾಗಲಿಲ್ಲ.

ಭಗವಂತನು ನಿನ್ನನ್ನು ಕಾಪಾಡಲಿ. ಕಾಪಾಡಿಯೇ ಕಾಪಾಡುತ್ತಾನೆಂದು ಹಿಂದಿನಂತೆ ಬರೆಯಲು ಇಂದು ಕೈ ಏಳದು.

ಇತಿ,
ನಿನ್ನ ದೊಡ್ಡಪ್ಪ

ತಾ.ಕ.: ಅವನು ಹೊರಗೆ ಹೋಗಿದ್ದಾನೆ, ಬರುವಷ್ಟರಲ್ಲಿ ಬೇಗ ಬರೆದು ಮುಗಿಸುತ್ತೇನೆ. ಕೊಳವೆಯೊಂದಿಗೆ ಒಡೆದ ಬಿಲ್ಲೆಗಳ ಚೂರುಗಳನ್ನು ಆಯ್ದು, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ "ಜೋಪಾನ" ಎಂದು ಬರೆದು ನಿನ್ನೆ ನಿನಗೆ ಅಂಚೆಗೆ ಹಾಕಿದ್ದಾನೆ. ದಾರಿಯಲ್ಲಿ ಒಡೆದವೆಂದು ನೀನು ನಂಬಬೇಕೆಂದು ಅವನ ಆಸೆ. ಅವನಿಗೆ ಕಾಗದ ಬರೆದು ಅಂಚೆಯವರನ್ನು ಬೈಯಮ್ಮ, ತಾಯೀ. ಚೆನ್ನಾಗಿ ಬೈ.